ಗೆದ್ದವನು ಯಾರಿಗಾಗಿ ನುಡಿಸಿದ? ‘ವಿಪ್‌ಲ್ಯಾಶ್’ ಸಿನಿಮಾದ ಆಂಡ್ರೂ ಬದಲಾಗುವ ಬಗೆ

ಜಾಝ್ ಡ್ರಮ್ ಕಲಿಯುವ ಹುಡುಗ ಆಂಡ್ರೂ, ಅವನನ್ನು ಬೈದು ಹೊಡೆದು ಕಲಿಸುವ ಮೇಷ್ಟ್ರು ಫ್ಲೆಚರ್, ಇವರಿಬ್ಬರ ಕಥೆ ‘ವಿಪ್‌ಲ್ಯಾಶ್’ ಎಂಬ ಇಂಗ್ಲಿಷ್ ಸಿನಿಮಾ. ಅದರ ಕೊನೆಯ ಡ್ರಮ್ ಪೆಟ್ಟು ಬಿದ್ದು ತೆರೆ ಕಪ್ಪಾದಾಗ ನೋಡಿದವರ ಬಾಯಲ್ಲಿ ಬರುವುದು ಹೆಚ್ಚಾಗಿ ಒಂದೇ ಮಾತು: ಹುಡುಗ ಗೆದ್ದುಬಿಟ್ಟ. ನಮ್ಮ ಉಡುಪಿ ಕಡೆ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ. ‘ಗುರು ಅಂದ್ರೆ ಹಾಗಿರ್ಬೇಕು ಮಾರಾಯ, ಪೆಟ್ಟು ತಿನ್ನದೆ ವಿದ್ಯೆ ಬರ್ತದಾ?’ ಚೆಂಡೆ ಕಲಿಯುವ ಹುಡುಗರಿಂದ ಇದನ್ನು ಕೇಳಿದ್ದೇನೆ. ಅವರಿಗೆ ಕಲಿಸುವ ಹಿರಿಯರಿಂದ ಮಾತ್ರ ಕೇಳಿಲ್ಲ. ಅವರಲ್ಲೊಬ್ಬರು ಸಿನಿಮಾ ಪೂರ್ತಿ ನೋಡಿ, ‘ಅವನಿಗೆ ಕೈ ಉಂಟು, ಕಿವಿ ಎಲ್ಲುಂಟು?’ ಎಂದಷ್ಟೇ ಹೇಳಿ ಎದ್ದು ಹೋದರು.

ಆ ಪ್ರಶ್ನೆ ಹಿಡಿದುಕೊಂಡೇ ಈ ಪಾತ್ರವನ್ನು ಬಿಡಿಸಿ ನೋಡಬಹುದು. ಗುರಿಯ ಹಿಂದೆ ಬಿದ್ದವನ ಕಥೆ ನೋಡುವಾಗ ನಾವು ಗೊತ್ತಿಲ್ಲದೆಯೇ ಅಂಕ ಎಣಿಸುತ್ತಾ ಕೂರುತ್ತೇವೆ. ಆಯ್ಕೆಯಾದ, ಹೊರಬಿದ್ದ, ಮತ್ತೆ ಸೇರಿಕೊಂಡ, ಕೊನೆಗೆ ಗೆದ್ದ. ಪಿಯುಸಿ ಫಲಿತಾಂಶದ ವಾರ ಮಂಗಳೂರಿನ ಜ್ಯೋತಿ ಸರ್ಕಲ್ಲಿನಿಂದ ಬಂಟ್ಸ್ ಹಾಸ್ಟೆಲ್ ಕಡೆ ಒಂದು ಸುತ್ತು ಬಂದರೆ ಗೊತ್ತಾಗುತ್ತದೆ, ನಮಗೆ ಈ ಲೆಕ್ಕ ಎಷ್ಟು ಇಷ್ಟವೆಂದು. ಫ್ಲೆಕ್ಸ್ ಮೇಲೆ ಫ್ಲೆಕ್ಸ್, ಮುಖದ ಪಕ್ಕದಲ್ಲೇ ಅಂಕ. ಆ ಅಂಕ ಬರುವಷ್ಟರಲ್ಲಿ ಮುಖದ ಹಿಂದಿನ ಮನುಷ್ಯನಿಗೆ ಏನಾಯಿತು ಎಂದು ಬರೆಯಲು ಫ್ಲೆಕ್ಸಿನಲ್ಲಿ ಜಾಗವಿಲ್ಲ. ಸಿನಿಮಾದಲ್ಲಿ ಜಾಗ ಉಂಟು. ‘ವಿಪ್‌ಲ್ಯಾಶ್’ ಆ ಜಾಗವನ್ನು ಚೆನ್ನಾಗಿಯೇ ಬಳಸಿಕೊಂಡಿದೆ; ಅಂಕ ಎಣಿಸುವವರಿಗೆ ಅದು ಕಾಣುವುದಿಲ್ಲ, ಅಷ್ಟೆ.

ನನ್ನ ಓದು ಹೀಗೆ: ಆಂಡ್ರೂನ ಆಸೆ ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಒಂದಿಂಚೂ ಬದಲಾಗುವುದಿಲ್ಲ. ದೊಡ್ಡ ಡ್ರಮ್ಮರ್ ಆಗಬೇಕು, ಅಷ್ಟೇ. ಬದಲಾಗುವುದು, ‘ಭೇಷ್’ ಎಂಬ ಮಾತು ಅವನಿಗೆ ಯಾರಿಂದ ಬೇಕು ಎಂಬುದು. ಕಥೆ ಶುರುವಾಗುವಾಗ ಅಪ್ಪನಿಂದ, ನೆಂಟರಿಂದ, ಒಬ್ಬಳು ಹುಡುಗಿಯಿಂದ, ಮೇಷ್ಟ್ರಿಂದ, ಎಲ್ಲರಿಂದಲೂ ಬೇಕಿತ್ತು. ಮುಗಿಯುವಾಗ ಒಬ್ಬನಿಂದ ಮಾತ್ರ ಸಾಕು. ಉಳಿದವರು ಒಬ್ಬೊಬ್ಬರಾಗಿ ಕಥೆಯಿಂದ ಹೊರಗೆ ಹೋಗುತ್ತಾರೆ. ಕೆಲವರನ್ನು ಅವನೇ ಕಳುಹಿಸುತ್ತಾನೆ.

ಕಥೆಯ ಕೊನೆ ಹೇಳದೆ ಇದನ್ನು ವಿವರಿಸಲು ಆಗದು. ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

2014ರಲ್ಲಿ ಬಂದ ಈ ಸಿನಿಮಾ ಡೇಮಿಯನ್ ಶಝೆಲ್ ಅವರದ್ದು. ಚಿತ್ರೀಕರಣ ಮುಗಿದದ್ದು ಬರೇ 19 ದಿನಗಳಲ್ಲಿ. ಶಝೆಲ್ ಸ್ವತಃ ಹೈಸ್ಕೂಲಿನಲ್ಲಿ ಜಾಝ್ ಬ್ಯಾಂಡಿಗೆ ಡ್ರಮ್ ಬಾರಿಸುತ್ತಿದ್ದವರು. ಅಲ್ಲಿನ ಕಠಿಣ ಶಿಕ್ಷಕರ ಭಯ ಈ ಕಥೆಯ ಬೇರು. ನ್ಯೂಯಾರ್ಕಿನ ಶಾಫರ್ ಎಂಬ ಕಾಲ್ಪನಿಕ ಸಂಗೀತ ಶಾಲೆ, ಅಲ್ಲಿ 19 ವರ್ಷದ ಆಂಡ್ರೂ ನೀಮನ್, ಶಾಲೆಯ ಅತ್ಯುತ್ತಮ ಬ್ಯಾಂಡನ್ನು ನಡೆಸುವ ಟೆರೆನ್ಸ್ ಫ್ಲೆಚರ್. ಆಂಡ್ರೂ ಆಗಿ ಮೈಲ್ಸ್ ಟೆಲ್ಲರ್, ಫ್ಲೆಚರ್ ಆಗಿ ಜೆ.ಕೆ. ಸಿಮನ್ಸ್. ಸಿಮನ್ಸ್ ಅವರ ನಟನೆಗೆ, ಟಾಮ್ ಕ್ರಾಸ್ ಅವರ ಸಂಕಲನಕ್ಕೆ, ಧ್ವನಿ ಮಿಶ್ರಣಕ್ಕೆ ಹೀಗೆ ಮೂರು ಆಸ್ಕರ್ ಬಂದವು. ಸಿನಿಮಾದ ಹೆಸರು ಹ್ಯಾಂಕ್ ಲೆವಿ ಬರೆದ ಜಾಝ್ ಕೃತಿಯೊಂದರದ್ದು. ಅದರ ನಡೆ ಏಳರ ಎಣಿಕೆಯದು. ಪಾಶ್ಚಾತ್ಯ ಕಿವಿಗೆ ತೊಡಕೆನಿಸುವ ಎಣಿಕೆ ಅದು. ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ತ್ರಿವುಡೆ ತಾಳದ ಏಳು ಹೊಸತೇನಲ್ಲ.

ಮೊದಲ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಕೊನೆಗೆ ಬೇಕಾಗುತ್ತದೆ. ತೆರೆಯಲ್ಲಿ ಏನೂ ಇಲ್ಲ, ಬರೇ ಕಪ್ಪು. ಡ್ರಮ್ಮಿನ ಪೆಟ್ಟು ಕೇಳಿಸುತ್ತದೆ. ಮೊದಲು ಬಿಡಿಬಿಡಿಯಾಗಿ, ಮತ್ತೆ ಹತ್ತಿರ ಹತ್ತಿರ, ಆಮೇಲೆ ಪೂರ್ತಿ ಉರುಳಿಕೆ. ಚಿತ್ರ ಬಂದಾಗ ಕಾಣುವುದು ಉದ್ದ ಕಾರಿಡಾರ್, ಅದರ ತುದಿಯ ಕೋಣೆಯಲ್ಲಿ ಒಬ್ಬನೇ ಆಂಡ್ರೂ. ಬಾಗಿಲಲ್ಲಿ ಫ್ಲೆಚರ್ ನಿಂತದ್ದು ಕಂಡೊಡನೆ ನುಡಿಸುವುದು ನಿಂತಿತು, ಹುಡುಗ ಎದ್ದು ನಿಂತು ಕ್ಷಮೆಯನ್ನೂ ಕೇಳಿದ. ಯಾಕೆ ನಿಲ್ಲಿಸಿದೆ ಎಂದ ಫ್ಲೆಚರ್. ಆಂಡ್ರೂ ಗಡಬಡಿಸಿ ಮತ್ತೆ ಬಾರಿಸತೊಡಗಿದ. ನಾನು ಬಾರಿಸು ಎಂದೆನಾ, ಯಾಕೆ ನಿಲ್ಲಿಸಿದೆ ಎಂದು ಕೇಳಿದ್ದಲ್ಲವಾ ಎಂದ ಫ್ಲೆಚರ್. ಇನ್ನೂ ಒಂದೆರಡು ಬಗೆ ನುಡಿಸಲು ಹೇಳಿದ. ಹುಡುಗ ಕಣ್ಣು ತಗ್ಗಿಸಿ ಬಾರಿಸುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಮೇಷ್ಟ್ರು ಹೊರಟೇ ಹೋಗಿದ್ದ. ಮರುಕ್ಷಣ ಬಾಗಿಲು ತೆರೆದುಕೊಂಡಿತು. ಆಂಡ್ರೂನ ಮುಖ ಅರಳಿತು. ಫ್ಲೆಚರ್ ಬಂದದ್ದು ಮರೆತ ಜಾಕೆಟ್ಟಿಗೆ.

ಈ ಮೂರು ನಿಮಿಷದಲ್ಲಿ ಎರಡು ಸಂಗತಿ ನೆಟ್ಟಾಗಿದೆ. ಬಾರಿಸುವುದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ಆಂಡ್ರೂನ ಕೈಯಲ್ಲಿಲ್ಲ, ಬಾಗಿಲಲ್ಲಿ ನಿಂತವನ ಕೈಯಲ್ಲಿದೆ. ಮತ್ತೆ, ಆ ವೇಗ ಏರುವ ಉರುಳಿಕೆ. ಅದನ್ನು ಅವನು ಶುರುಮಾಡಿದ್ದು ತಾನೊಬ್ಬನೇ ಇದ್ದಾಗ, ಯಾರೂ ಹೇಳದೆ.

ಮುಂದಿನದು ಸಿನಿಮಾ ಥಿಯೇಟರಿನ ದೃಶ್ಯ. ಆಂಡ್ರೂ ಅಪ್ಪನ ಜತೆ ಬಂದಿದ್ದಾನೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಸಾಹಿತಿಯಾಗಬೇಕೆಂದಿದ್ದವನು, ಆಗಲಿಲ್ಲ. ಅಮ್ಮ ಮಗು ಚಿಕ್ಕದಿರುವಾಗಲೇ ಬಿಟ್ಟು ಹೋದವಳು. ಅಪ್ಪ ಪಾಪ್‌ಕಾರ್ನ್ ಡಬ್ಬಕ್ಕೆ ಚಾಕಲೇಟ್ ಮೆತ್ತಿದ ಒಣದ್ರಾಕ್ಷಿ ಸುರಿಯುತ್ತಾನೆ. ಮಗ ದ್ರಾಕ್ಷಿ ತಪ್ಪಿಸಿ ತಪ್ಪಿಸಿ ಪಾಪ್‌ಕಾರ್ನ್ ಮಾತ್ರ ತಿನ್ನುತ್ತಿದ್ದಾನೆ. ನಿನಗೆ ಇದು ಬೇಡವಾ ಎಂದು ಅಪ್ಪ ಕೇಳಿದಾಗ ಗೊತ್ತಾಗುತ್ತದೆ, ಅವನಿಗೆ ಅದು ಇಷ್ಟವೇ ಇಲ್ಲ, ಸುಮ್ಮನೆ ಬಿಡಿಸಿಕೊಂಡು ತಿನ್ನುತ್ತಾನೆ. ಇಷ್ಟು ವರ್ಷ ಹೇಳಿರಲೂ ಇಲ್ಲ. ಸಾಧಾರಣ ದೃಶ್ಯ, ನಗು ಬರುವಂಥದ್ದು. ಆದರೆ ಈ ಪಾತ್ರ ಹೊರಟದ್ದು ಎಲ್ಲಿಂದ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಸಿನಿಮಾದಲ್ಲಿ ಬೇರೆ ಸಿಗದು. ಬೇಡದ್ದನ್ನು ಬೇಡ ಎನ್ನಲು ಬಾರದ ಹುಡುಗ, ಅಪ್ಪನಿಗೆ ಬೇಜಾರಾಗಬಾರದೆಂದು ದ್ರಾಕ್ಷಿ ಬಿಡಿಸುವ ಹುಡುಗ. ಅದೇ ಥಿಯೇಟರಿನ ತಿಂಡಿ ಕೌಂಟರಿನಲ್ಲಿ ನಿಕೋಲ್ ಕೆಲಸ ಮಾಡುತ್ತಾಳೆ. ಅವಳನ್ನು ಮಾತಾಡಿಸಲೂ ಅವನಿಗೆ ಧೈರ್ಯ ಬರುವುದಿಲ್ಲ.

ಬರುವುದು ಯಾವಾಗ? ಫ್ಲೆಚರ್ ತನ್ನ ಬ್ಯಾಂಡಿಗೆ ಆರಿಸಿಕೊಂಡ ಮೇಲೆ. ಇದು ಗಮನಿಸಬೇಕಾದ ಹೆಜ್ಜೆ. ಆಂಡ್ರೂಗೆ ಸಿಕ್ಕಿದ ಮೊದಲ ಆತ್ಮವಿಶ್ವಾಸವೇ ಎರವಲು ತಂದದ್ದು. ಆ ಮೇಷ್ಟ್ರು ಒಪ್ಪಿದ, ಹಾಗಾಗಿ ನಾನು ಹುಡುಗಿಯ ಎದುರು ನಿಲ್ಲಬಲ್ಲೆ. ಕೊಟ್ಟವನು ವಾಪಸ್ ಕೇಳಿದರೆ ಅದೂ ಹೋಗುತ್ತದೆ, ಜತೆಗೆ ಹುಡುಗಿಯೂ.

ಬ್ಯಾಂಡಿನ ಮೊದಲ ದಿನ ತುಂಬ ಪ್ರಸಿದ್ಧವಾದ್ದರಿಂದ ಅದನ್ನು ಉದ್ದಕ್ಕೆ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಾ ಎಂದಿದ್ದ ಫ್ಲೆಚರ್; ಹುಡುಗ ಎದ್ದುಬಿದ್ದು ಓಡಿಬಂದರೆ ಕೋಣೆ ಖಾಲಿ, ಅಭ್ಯಾಸ ಇದ್ದದ್ದು ಒಂಬತ್ತಕ್ಕೆ. ಬಿಡುವಿನಲ್ಲಿ ಫ್ಲೆಚರ್ ಮೆತ್ತಗೆ ಅಪ್ಪ ಅಮ್ಮನ ವಿಷಯ ಕೇಳುತ್ತಾನೆ, ಹೆಗಲು ತಟ್ಟುತ್ತಾನೆ. ಕೆಲವೇ ಹೊತ್ತಿನಲ್ಲಿ ಅದೇ ಮಾಹಿತಿ ಎಲ್ಲರೆದುರು ಬೈಗುಳವಾಗಿ ಹೊರಬರುತ್ತದೆ. ಕುರ್ಚಿ ಹಾರುತ್ತದೆ, ಕೆನ್ನೆಗೆ ಪೆಟ್ಟು ಬೀಳುತ್ತದೆ. ತಾಳಕ್ಕಿಂತ ಮುಂದೆ ಓಡುತ್ತಿದ್ದೀಯಾ, ಹಿಂದೆ ಎಳೆಯುತ್ತಿದ್ದೀಯಾ, ಹೇಳು! ಲಯದ ಕೆಲಸ ಮಾಡಿದ ಯಾರಿಗೂ ಈ ಪ್ರಶ್ನೆ ಗೊತ್ತಿದ್ದದ್ದೇ. ಕೇಳುವ ರೀತಿ ಮಾತ್ರ ಬೇರೆ.

ಆ ದಿನದ ಬಳಿಕ ಮೈ ಬದಲಾಗತೊಡಗುತ್ತದೆ. ಹಾಸಿಗೆ ಅಭ್ಯಾಸದ ಕೋಣೆಗೆ ಬಂತು. ಬೆರಳ ಸಂದಿನ ಗುಳ್ಳೆ ಒಡೆಯುತ್ತದೆ, ಅದರ ಮೇಲೆ ಬ್ಯಾಂಡೇಜು, ಬ್ಯಾಂಡೇಜಿನ ಮೇಲೆ ಮತ್ತೊಂದು. ಐಸ್ ನೀರಿನ ಜಗ್ಗಿನೊಳಗೆ ಕೈ ಅದ್ದಿದರೆ ನೀರಿಡೀ ಕೆಂಪಗೆ ಹರಡುತ್ತದೆ. ಇದನ್ನು ನೋಡಿ ಪ್ರೇಕ್ಷಕರು ಶ್ರಮ ಎಂದುಕೊಳ್ಳುತ್ತಾರೆ, ಸಿನಿಮಾವೂ ಹಾಗೆ ತಿಳಿಯಲು ಬಿಡುತ್ತದೆ. ಮೈಯ ಬದಲಾವಣೆ ತೋರಿಸುವುದು ಸುಲಭ, ಕ್ಯಾಮೆರಾ ಹತ್ತಿರ ಹೋದರೆ ಸಾಕು. ಮನಸ್ಸಿನದ್ದನ್ನು ತೋರಿಸಲು ಬೇರೆ ದಾರಿ ಬೇಕು. ಈ ನಿರ್ದೇಶಕರ ದಾರಿ ಯಾವುದೆಂದರೆ ಒಂದೇ ಬಗೆಯ ಸನ್ನಿವೇಶವನ್ನು ಎರಡು ಸಲ ತರುವುದು.

ಉದಾಹರಣೆಗೆ ಊಟದ ಮೇಜು. ಪಾಪ್‌ಕಾರ್ನ್ ಡಬ್ಬದ ಎದುರು ಬಾಯಿ ಬಿಡದವನು ಇಲ್ಲಿ ನೆಂಟರ ನಡುವೆ ಕೂತಿದ್ದಾನೆ. ಚಿಕ್ಕಪ್ಪನ ಮಕ್ಕಳು ಫುಟ್‌ಬಾಲಿನಲ್ಲಿ, ಕಾಲೇಜಿನಲ್ಲಿ ಮಿಂಚುತ್ತಿದ್ದಾರೆ, ಮಾತೆಲ್ಲ ಅವರದೇ. ಆಂಡ್ರೂ ಈಗ ಶಾಲೆಯ ಅತ್ಯುತ್ತಮ ಬ್ಯಾಂಡಿನ ಡ್ರಮ್ಮರ್, ಅದನ್ನು ಕೇಳುವವರಿಲ್ಲ. ಆಗ ಬಾಯಿ ತೆರೆಯುತ್ತದೆ, ಚೂರಿಯ ಹಾಗೆ. ನೀವು ಆಡುವುದು ಮೂರನೇ ದರ್ಜೆಯ ಫುಟ್‌ಬಾಲ್ ಎನ್ನುತ್ತಾನೆ. ಗೆಳೆಯರಿಲ್ಲವಾ ಎಂದರೆ, ಅದರಿಂದ ಏನು ಉಪಯೋಗ ಎನ್ನುತ್ತಾನೆ. ಸ್ಯಾಕ್ಸೊಫೋನಿನ ಚಾರ್ಲಿ ಪಾರ್ಕರ್ ಹೆಸರೆತ್ತುತ್ತಾನೆ. ಕುಡಿತ, ಹೆರಾಯಿನ್, ಸಾಲ, 34ಕ್ಕೇ ಸಾವು. ಇದು ಸಾಧನೆಯಾ ಎಂದು ಅಪ್ಪ ಕೇಳಿದರೆ, ತೊಂಬತ್ತು ವರ್ಷ ನೆಮ್ಮದಿಯಲ್ಲಿ ಬದುಕಿ ಯಾರಿಗೂ ನೆನಪಿಲ್ಲದೆ ಹೋಗುವುದಕ್ಕಿಂತ ಅದು ಮೇಲು ಎಂಬ ಅರ್ಥದ ಉತ್ತರ.

ಅಪ್ಪನೂ ಸುಮ್ಮನಿರುವುದಿಲ್ಲ. ನಿನ್ನನ್ನಾದರೂ ಲಿಂಕನ್ ಸೆಂಟರ್ ಎಂಬ ದೊಡ್ಡ ಸಂಗೀತ ವೇದಿಕೆಯವರು ಕರೆದಿದ್ದಾರಾ ಎನ್ನುತ್ತಾನೆ. ಮಗ ಎದ್ದು ಹೋಗುತ್ತಾನೆ. ನನಗೆ ಈ ದೃಶ್ಯದಲ್ಲಿ ಕಾಣುವುದು ಫ್ಲೆಚರ್. ಅವನು ಆ ಮನೆಯೊಳಗೆ ಇಲ್ಲ, ಅವನ ನಾಲಗೆ ಮಾತ್ರ ಬಂದು ಕೂತಿದೆ. ಎದುರಿನವನು ಹೆಮ್ಮೆಪಡುವ ವಿಷಯ ಯಾವುದೆಂದು ನೋಡಿ ಅಲ್ಲಿಗೇ ಹೊಡೆಯುವುದು ಹುಡುಗ ಅಭ್ಯಾಸದ ಕೋಣೆಯಲ್ಲಿ ಕಲಿತ ಪಾಠ. ಕಲಿಕೆ ಎಂದರೆ ಡ್ರಮ್ಮಿನದ್ದು ಮಾತ್ರ ಎಂದು ನಾವಂದುಕೊಂಡಿದ್ದೆವು.

ನಿಕೋಲ್ ಜತೆಗೂ ಇದೇ ಕ್ರಮ. ಮೊದಲು ಪಿಜ್ಜಾ ಅಂಗಡಿಯಲ್ಲಿ ಇಬ್ಬರೂ ತಡವರಿಸುತ್ತಾ ಮಾತಾಡುತ್ತಾರೆ. ಯಾವ ವಿಷಯ ಓದಬೇಕೆಂದು ಅವಳಿಗಿನ್ನೂ ತಿಳಿದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಎರಡನೇ ಸಲ ಆಂಡ್ರೂ ಅವಳನ್ನು ಕೂರಿಸಿಕೊಂಡು ವರದಿ ಓದಿದ ಹಾಗೆ ಹೇಳುತ್ತಾನೆ: ನನಗೆ ಇನ್ನು ಸಮಯವಿರುವುದಿಲ್ಲ, ನಿನಗೆ ಸಿಟ್ಟು ಬರುತ್ತದೆ, ನನಗೂ ಬರುತ್ತದೆ, ಜಗಳವಾಗುತ್ತದೆ, ಹಾಗಾಗಿ ಈಗಲೇ ಮುಗಿಸೋಣ. ನಾನು ನಿನ್ನನ್ನು ತಡೆಯುತ್ತೇನೆ ಎಂದುಕೊಂಡಿದ್ದೀಯಾ ಎಂದು ಅವಳು. ಹೌದು ಎಂದು ಇವನು. ಜಗಳ ಇನ್ನೂ ನಡೆದೇ ಇಲ್ಲ, ತೀರ್ಪು ಬಂದಾಯಿತು. ಫ್ಲೆಚರನ ಕ್ರೌರ್ಯದಲ್ಲಿ ಬೊಬ್ಬೆಯಾದರೂ ಉಂಟು. ಆಂಡ್ರೂನದ್ದು ತಣ್ಣಗಿನದು, ಹಾಗಾಗಿಯೇ ಹೆಚ್ಚು ಹೆದರಿಕೆ ಹುಟ್ಟಿಸುವಂಥದ್ದು.

ನಡುವೆ ಒಂದು ಫೋಲ್ಡರಿನ ಪ್ರಸಂಗ ಬರುತ್ತದೆ. ಬ್ಯಾಂಡಿನ ಮುಖ್ಯ ಡ್ರಮ್ಮರ್ ಟ್ಯಾನರ್ ಎಂಬವನು ತನ್ನ ಸ್ವರಲಿಪಿಯ ಫೋಲ್ಡರನ್ನು ಸ್ಪರ್ಧೆಯ ದಿನ ಆಂಡ್ರೂ ಕೈಗೆ ಕೊಟ್ಟಿರುತ್ತಾನೆ. ಆಂಡ್ರೂ ಅದನ್ನು ಕುರ್ಚಿಯ ಮೇಲಿಟ್ಟು ಆಚೆ ತಿರುಗಿ ಈಚೆ ನೋಡುವಷ್ಟರಲ್ಲಿ ಫೋಲ್ಡರ್ ಇಲ್ಲ. ಟ್ಯಾನರಿಗೆ ಕಂಠಪಾಠವಿಲ್ಲ, ಆಂಡ್ರೂಗೆ ಉಂಟು. ಅವಕಾಶ ಆಂಡ್ರೂನದಾಯಿತು. ತೆಗೆದದ್ದು ಯಾರು? ಸಿನಿಮಾ ಹೇಳುವುದಿಲ್ಲ, ಹೇಳದೇ ಇರುವುದೇ ಚೆನ್ನ. ಆಂಡ್ರೂ ಕದ್ದನೆಂದು ತೋರಿಸಿದ್ದರೆ ಅವನನ್ನು ಕೆಟ್ಟವರ ಸಾಲಿಗೆ ಸೇರಿಸಿ ನಾವು ನಿರಾಳವಾಗುತ್ತಿದ್ದೆವು. ಈಗ ಹಾಗಾಗುವುದಿಲ್ಲ. ಅವನು ಕದ್ದಿರಲಿಕ್ಕಿಲ್ಲ, ಆದರೆ ಟ್ಯಾನರಿನ ಗತಿ ಏನಾಯಿತೆಂದು ಒಮ್ಮೆಯೂ ತಿರುಗಿ ನೋಡಲಿಲ್ಲ. ಎಷ್ಟೋ ಸಮಯದ ಮೇಲೆ ಫ್ಲೆಚರ್ ಹೇಳಿದಾಗಲೇ ನಮಗೂ ಗೊತ್ತಾಗುವುದು, ಟ್ಯಾನರ್ ಸಂಗೀತ ಬಿಟ್ಟು ವೈದ್ಯಕೀಯದ ಕಡೆಗೆ ಹೋದನೆಂದು.

ಇದಾದ ಮೇಲೆ ಇಳಿಜಾರು. ಫ್ಲೆಚರ್ ಇನ್ನೊಬ್ಬ ಡ್ರಮ್ಮರನ್ನು ತಂದು ನಿಲ್ಲಿಸುತ್ತಾನೆ. ಮೂವರನ್ನು ನಡುರಾತ್ರಿ ದಾಟುವವರೆಗೆ ಸರದಿಯಲ್ಲಿ ಬಾರಿಸಿ ಬಸವಳಿಯಿಸುತ್ತಾನೆ. ಮುಂದಿನ ಸ್ಪರ್ಧೆಯ ದಿನ ಬಸ್ಸು ಕೈಕೊಟ್ಟು, ಬಾಡಿಗೆ ಕಾರು ಹಿಡಿದು, ಬಾಡಿಗೆ ಕಚೇರಿಯಲ್ಲಿ ಡ್ರಮ್ ಬಾರಿಸುವ ಕೋಲು ಮರೆತು, ತರಲು ಹೋಗಿ ಬರುವ ದಾರಿಯಲ್ಲಿ ಲಾರಿ ಗುದ್ದುತ್ತದೆ. ನಜ್ಜುಗುಜ್ಜಾದ ಕಾರಿನಿಂದ ತೆವಳಿ ಹೊರಬಂದ ಆಂಡ್ರೂ ರಕ್ತ ಸುರಿಸುತ್ತಲೇ ವೇದಿಕೆಗೆ ಓಡುತ್ತಾನೆ. ಕೈಯಲ್ಲಿ ಕೋಲು ನಿಲ್ಲುವುದಿಲ್ಲ. ನಿನ್ನ ಕತೆ ಮುಗಿಯಿತು ಎನ್ನುತ್ತಾನೆ ಫ್ಲೆಚರ್. ಹುಡುಗ ಅವನ ಮೇಲೆ ಎರಗುತ್ತಾನೆ. ಇದಕ್ಕಿಂತ ಮುಂಚೆ ನೋವಿಗೆ ಒಂದು ಉದ್ದೇಶವಾದರೂ ಇತ್ತು, ನುಡಿಸುವಿಕೆ ಉತ್ತಮವಾಗುತ್ತಿತ್ತು. ಅಪಘಾತದ ದಿನ ಅದೂ ಇಲ್ಲ. ಬಾರಿಸಲಿಕ್ಕಾಗದ ಮೈ ಹೊತ್ತುಕೊಂಡು ಆ ಜಾಗ ನನ್ನದು ಎಂದು ಕೂರುವುದಷ್ಟೇ ಉಳಿದಿದೆ. ನನ್ನ ಪ್ರಕಾರ ಪಾತ್ರದ ನಿಜವಾದ ತಳ ಇದು. ಶಾಲೆಯಿಂದ ಹೊರಬಿದ್ದದ್ದು ಅದರ ಪರಿಣಾಮ ಮಾತ್ರ.

ಹೊರಬಿದ್ದ ಮೇಲೆ ಒಬ್ಬ ವಕೀಲೆ ಬರುತ್ತಾಳೆ. ಫ್ಲೆಚರನ ಹಳೆ ಶಿಷ್ಯನೊಬ್ಬ ಕಾರು ಅಪಘಾತದಲ್ಲಿ ಹೋದನೆಂದು ಫ್ಲೆಚರ್ ತರಗತಿಯಲ್ಲಿ ಕಣ್ಣೀರು ಹಾಕಿದ್ದ. ನಿಜದಲ್ಲಿ ಅವನು ಮಾಡಿಕೊಂಡದ್ದು ಆತ್ಮಹತ್ಯೆ, ಮಾನಸಿಕ ಕಾಯಿಲೆ ಶುರುವಾದದ್ದು ಫ್ಲೆಚರನ ಕೈಕೆಳಗೆ ಇದ್ದಾಗ. ಅಪ್ಪನ ಒತ್ತಾಯಕ್ಕೆ ಆಂಡ್ರೂ ಗುಟ್ಟಾಗಿ ಸಾಕ್ಷಿ ಹೇಳಲು ಒಪ್ಪುತ್ತಾನೆ, ಫ್ಲೆಚರನ ಕೆಲಸ ಹೋಗುತ್ತದೆ. ಡ್ರಮ್ ಮೂಲೆ ಸೇರುತ್ತದೆ.

ಅಂಕ ಎಣಿಸುವವರಿಗೆ ಈ ಭಾಗ ಬೋರು. ಬದಲಾವಣೆ ಹುಡುಕುವವರಿಗೆ ಮುಖ್ಯವಾದದ್ದು ಇಲ್ಲೇ ಇದೆ, ಯಾಕೆಂದರೆ ಇಲ್ಲಿ ಆಂಡ್ರೂಗೆ ಬೇರೆ ಮನುಷ್ಯನಾಗಲು ಪೂರ್ತಿ ಅವಕಾಶವಿತ್ತು. ಕೋಪವಿಲ್ಲ, ಓಟವಿಲ್ಲ, ಅಪ್ಪ ಪಕ್ಕದಲ್ಲಿದ್ದಾನೆ. ಆದರೂ ರಸ್ತೆ ಬದಿಯ ಜಾಝ್ ಕ್ಲಬ್ಬಿನ ಬೋರ್ಡಿನಲ್ಲಿ ಫ್ಲೆಚರನ ಹೆಸರು ಕಂಡಾಗ ಕಾಲು ತಾನಾಗಿ ಒಳಗೆ ನಡೆಯುತ್ತದೆ.

ಕ್ಲಬ್ಬಿನಲ್ಲಿ ಫ್ಲೆಚರ್ ತನ್ನ ಸಿದ್ಧಾಂತ ಹೇಳುತ್ತಾನೆ. ‘ಚೆನ್ನಾಗಿ ಮಾಡಿದೆ’ ಎಂಬ ಮಾತಿಗಿಂತ ಹಾನಿಕರ ಇನ್ನೊಂದಿಲ್ಲವಂತೆ. ಚಾರ್ಲಿ ಪಾರ್ಕರಿನ ತಲೆಗೆ ಡ್ರಮ್ಮರ್ ಜೋ ಜೋನ್ಸ್ ತಾಳದ ತಟ್ಟೆ ಎಸೆದದ್ದರಿಂದಲೇ ಪಾರ್ಕರ್ ಪಾರ್ಕರ್ ಆದನಂತೆ. ಈ ಕಥೆ ಪೂರ್ತಿ ಸುಳ್ಳಲ್ಲ, ಆದರೆ ಫ್ಲೆಚರ್ ಅದಕ್ಕೆ ಬಣ್ಣ ಹಚ್ಚಿದ್ದಾನೆ. 1936ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹದಿಹರೆಯದ ಪಾರ್ಕರ್ ತಪ್ಪಿದಾಗ ಜೋ ಜೋನ್ಸ್ ತಟ್ಟೆ ಬಿಸಾಡಿದ್ದು ಕಾಲ ಬಳಿ ನೆಲಕ್ಕೆ, ತಲೆಗಲ್ಲ. ಅವಮಾನ ನಿಜ, ಕೊಲ್ಲುವ ಏಟಲ್ಲ. ನೆಲವನ್ನು ತಲೆ ಮಾಡಿದ್ದು ಫ್ಲೆಚರನ ಅಗತ್ಯ.

ಆಂಡ್ರೂ ಒಳ್ಳೆಯ ಪ್ರಶ್ನೆಯನ್ನೇ ಕೇಳುತ್ತಾನೆ: ಇದಕ್ಕೆ ಮಿತಿ ಇಲ್ಲವಾ, ಹೀಗೆ ಮಾಡಿ ಮುಂದಿನ ಪಾರ್ಕರನ್ನೇ ನೀನು ಧೈರ್ಯಗೆಡಿಸಿ ಓಡಿಸಿದ್ದರೆ? ಫ್ಲೆಚರನ ಉತ್ತರ ತಡವಿಲ್ಲದೆ ಬರುತ್ತದೆ. ಮುಂದಿನ ಪಾರ್ಕರ್ ಧೈರ್ಯಗೆಡುವುದೇ ಇಲ್ಲ. ಈ ತರ್ಕವನ್ನು ತಾಳಮದ್ದಳೆಯಲ್ಲಿ ಯಾರಾದರೂ ಮಂಡಿಸಿದ್ದರೆ ಎದುರು ಕೂತ ಅರ್ಥಧಾರಿ ಎರಡೇ ಮಾತಿನಲ್ಲಿ ಬಿಡಿಸಿ ಹಾಕುತ್ತಿದ್ದರು. ಉಳಿದವನು ಶ್ರೇಷ್ಠ, ಯಾಕೆಂದರೆ ಉಳಿದ. ಹೋದವನು ಶ್ರೇಷ್ಠನಲ್ಲ, ಯಾಕೆಂದರೆ ಹೋದ. ಹಾಗಾದರೆ ಗುರು ತಪ್ಪುವ ಪ್ರಶ್ನೆಯೇ ಇಲ್ಲ. ಸತ್ತ ಶಿಷ್ಯನೂ ಗುರುವಿನ ಸಿದ್ಧಾಂತಕ್ಕೆ ಸಾಕ್ಷಿ. ಆಂಡ್ರೂ ಇಲ್ಲಿ ವಾದ ಮುಂದುವರಿಸುವುದಿಲ್ಲ, ತಲೆಯಾಡಿಸುತ್ತಾನೆ. ಒಪ್ಪಿದನೆಂದು ನನಗನ್ನಿಸುತ್ತದೆ. ಒಪ್ಪದೆ ಅವನಿಗೆ ಗತಿಯೂ ಇಲ್ಲ. ಆ ಸಿದ್ಧಾಂತ ಸುಳ್ಳಾದರೆ ಕಳೆದುಕೊಂಡದ್ದೆಲ್ಲ ಸುಮ್ಮನೆ ಕಳೆದುಕೊಂಡದ್ದಾಗುತ್ತದೆ. ಕಾರ್ನೆಗಿ ಹಾಲಿನ ಉತ್ಸವದಲ್ಲಿ ನನ್ನ ಬ್ಯಾಂಡಿಗೆ ಬಾರಿಸು ಎಂದು ಫ್ಲೆಚರ್ ಕರೆಯುತ್ತಾನೆ. ಆಂಡ್ರೂ ನಿಕೋಲಿಗೆ ಫೋನು ಮಾಡುತ್ತಾನೆ. ಅವಳಿಗೆ ಈಗ ಬೇರೊಬ್ಬ ಗೆಳೆಯನಿದ್ದಾನೆ.

ಕಾರ್ನೆಗಿ ಹಾಲಿನ ವೇದಿಕೆ. ಶುರುವಾಗುವ ಮುಂಚೆ ಫ್ಲೆಚರ್ ಹತ್ತಿರ ಬಂದು, ಸಾಕ್ಷಿ ಹೇಳಿದ್ದು ನೀನೆಂದು ಗೊತ್ತು ಎನ್ನುತ್ತಾನೆ. ಬ್ಯಾಂಡು ನುಡಿಸಲು ಹೊರಟದ್ದು ಆಂಡ್ರೂಗೆ ಗೊತ್ತೇ ಇಲ್ಲದ ಕೃತಿ, ಅವನ ಎದುರು ಸ್ವರಲಿಪಿಯೂ ಇಲ್ಲ. ತುಂಬಿದ ಸಭೆಯಲ್ಲಿ ಮಾನ ಹೋಗುತ್ತದೆ. ಅವನು ಎದ್ದು ರಂಗದ ಮಗ್ಗುಲಿಗೆ ಬರುತ್ತಾನೆ, ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ, ಮನೆಗೆ ಹೋಗುವ ಎನ್ನುತ್ತಾನೆ. ಸಿನಿಮಾದ ಎಲ್ಲ ಎಳೆಗಳೂ ಆ ಅಪ್ಪುಗೆಯಲ್ಲಿ ಬಂದು ಸೇರುತ್ತವೆ. ಎಡಕ್ಕೆ ಹೋದರೆ ಅಪ್ಪ, ಬಲಕ್ಕೆ ಹೋದರೆ ಫ್ಲೆಚರ್. ಅಪ್ಪನಿಂದ ಭೇಷ್ ಎನ್ನಿಸಿಕೊಳ್ಳಲು ಆಂಡ್ರೂ ಈಗ ಏನೂ ಮಾಡಬೇಕಿಲ್ಲ, ಸೋತು ಬಂದರೂ ಸಿಗುತ್ತದೆ. ಹಾಗೆ ಸಿಗುವುದಕ್ಕೆ ಅವನ ಲೆಕ್ಕದಲ್ಲಿ ಬೆಲೆಯಿಲ್ಲವಾಗಿದೆ. ಅವನು ತಿರುಗಿ ವೇದಿಕೆಗೆ ನಡೆಯುತ್ತಾನೆ.

ಮತ್ತೆ ನಡೆಯುವುದು ಎಷ್ಟು ದೊಡ್ಡ ಉದ್ಧಟತನ ಎಂದು ತಿಳಿಯಲು ಯಕ್ಷಗಾನದ ಹಿಮ್ಮೇಳ ನೋಡಿದವರಿಗೆ ಕಷ್ಟವಿಲ್ಲ. ನಮ್ಮಲ್ಲಿ ಭಾಗವತರೇ ಒಂದನೇ ವೇಷ. ಪದ್ಯ ಎತ್ತುವುದು, ಕಾಲ ಏರಿಸುವುದು, ಮುಗಿಸುವುದು ಎಲ್ಲ ಅವರದ್ದು. ಚೆಂಡೆಯವರು ಎಷ್ಟೇ ದೊಡ್ಡವರಾಗಲಿ, ಒಂದು ಕಣ್ಣು ಭಾಗವತರ ಮೇಲೆ, ಇನ್ನೊಂದು ಕುಣಿಯುವವರ ಕಾಲ ಮೇಲೆ. ಜಾಝ್ ಬಿಗ್ ಬ್ಯಾಂಡಿನಲ್ಲಿ ಸಂಜ್ಞೆ ಕೊಡುವುದು ನಿರ್ದೇಶಕ. ಫ್ಲೆಚರ್ ಸಭೆಯನ್ನು ಉದ್ದೇಶಿಸಿ ಮಾತಾಡುತ್ತಿರುವಾಗಲೇ ಆಂಡ್ರೂ ‘ಕ್ಯಾರವಾನ್’ ಶುರುಮಾಡುತ್ತಾನೆ. ಹುವಾನ್ ಟಿಝೋಲ್ ಮತ್ತು ಡ್ಯೂಕ್ ಎಲಿಂಗ್ಟನ್ ಅವರ 1936ರ ಕೃತಿ. ಬಾಸ್ ನುಡಿಸುವವನಿಗೆ ತಾನೇ ಸಂಜ್ಞೆ ಕೊಡುತ್ತಾನೆ. ಬ್ಯಾಂಡು ಅವನ ಹಿಂದೆ ಬರುತ್ತದೆ. ಫ್ಲೆಚರ್ ಹತ್ತಿರ ಬಂದು ಗುರುಗುಟ್ಟಿದರೂ ಕೈ ನಿಲ್ಲುವುದಿಲ್ಲ. ಕೃತಿ ಮುಗಿದ ಮೇಲೂ ನಿಲ್ಲುವುದಿಲ್ಲ. ಏನು ಮಾಡುತ್ತಿದ್ದೀ ಎಂದರೆ, ನಾನೇ ಸಂಜ್ಞೆ ಕೊಡುತ್ತೇನೆ ಎಂಬ ಉತ್ತರ. ಮೊದಲ ದೃಶ್ಯದಲ್ಲಿ ಮೇಷ್ಟ್ರನ್ನು ಕಂಡೊಡನೆ ನಿಲ್ಲಿಸಿದ ಹುಡುಗ ಇವನೇ. ಗೆದ್ದ ಎನ್ನುವವರ ವಾದಕ್ಕೆ ಇದು ದೊಡ್ಡ ಬಲ, ನಾನೂ ಅಲ್ಲಗಳೆಯುವುದಿಲ್ಲ. ಅಷ್ಟು ಹೊತ್ತು ಅವನು ಯಾರ ಶಿಷ್ಯನೂ ಅಲ್ಲ.

ಆದರೆ ಸಿನಿಮಾ ಅಲ್ಲಿಗೆ ಮುಗಿಯುವುದಿಲ್ಲ. ಫ್ಲೆಚರ್ ಜಾಕೆಟ್ ಕಳಚುತ್ತಾನೆ. ಓರೆಯಾದ ತಟ್ಟೆಯನ್ನು ತಾನೇ ಸರಿಪಡಿಸುತ್ತಾನೆ. ಡ್ರಮ್ಮಿನ ಎದುರು ಬಂದು ನಿಂತು ಕೈಯನ್ನು ಮೆಲ್ಲಗೆ ಇಳಿಸುತ್ತಾನೆ, ಪೆಟ್ಟುಗಳು ನಿಧಾನವಾಗುತ್ತವೆ. ಬಿಡಿಬಿಡಿಯಾಗಿ ನಿಂತೇ ಹೋಗುವಷ್ಟು. ಮತ್ತೆ ಕೈ ಏರುತ್ತದೆ, ಪೆಟ್ಟು ಹತ್ತಿರ ಹತ್ತಿರ ಬರುತ್ತವೆ, ಪೂರ್ತಿ ಉರುಳಿಕೆಯಾಗುತ್ತದೆ. ಸಿನಿಮಾದ ಮೊದಲ ಸದ್ದೇ ಇದು. ಆಗ ಅದನ್ನು ಕತ್ತಲಲ್ಲಿ ಹುಡುಗ ತಾನಾಗಿ ನುಡಿಸಿದ್ದ. ಈಗ ಅದೇ ಏರಿಕೆ ಇನ್ನೊಬ್ಬನ ಬೆರಳಿನ ತುದಿಯಲ್ಲಿದೆ. ನನ್ನ ಮಟ್ಟಿಗೆ ಇಡೀ ಪಾತ್ರದ ಬದಲಾವಣೆ ಈ ಎರಡು ಉರುಳಿಕೆಗಳ ನಡುವೆ ಇದೆ. ಕೈ ನೂರು ಪಾಲು ಪಳಗಿದೆ, ಅದರ ಒಡೆತನ ಬೇರೆಯವರಿಗೆ ಹೋಗಿದೆ. ಅವನು ಧಿಕ್ಕರಿಸಿದ್ದು ಹೌದು. ಧಿಕ್ಕರಿಸಿ ಗಳಿಸಿದ್ದು ಆ ಮನುಷ್ಯನ ಮೆಚ್ಚುಗೆಯನ್ನೇ. ಇಬ್ಬರ ಕಣ್ಣು ಕೂಡುತ್ತವೆ, ಫ್ಲೆಚರನ ಬಾಯಿ ಚೌಕಟ್ಟಿನಿಂದ ಹೊರಗಿದೆ, ಏನಂದನೋ ಕಾಣುವುದಿಲ್ಲ, ಆಂಡ್ರೂ ನಗುತ್ತಾನೆ. ಅಪ್ಪ ಈ ನುಡಿಸಾಟವನ್ನು ನೋಡುತ್ತಿರುವುದು ಬಾಗಿಲ ಸಂದಿನಿಂದ. ಅವನ ಮುಖದಲ್ಲಿ ಬೆರಗಿದೆಯೋ ದಿಗಿಲಿದೆಯೋ ಎಂದು ಜನ ಇನ್ನೂ ಜಗಳವಾಡುತ್ತಾರೆ. ಎರಡೂ ಇದೆ ಎಂದು ನನಗೆ ಕಂಡದ್ದು.

ಶಝೆಲ್ ಒಂದು ಸಂದರ್ಶನದಲ್ಲಿ, ಆಂಡ್ರೂ ಮುಂದೆ ಒಳಗೆಲ್ಲ ಖಾಲಿಯಾದ ಮನುಷ್ಯನಾಗಿ, ಮೂವತ್ತರ ಪ್ರಾಯದಲ್ಲೇ ಮಾದಕ ವಸ್ತುವಿಗೆ ಬಲಿಯಾಗುತ್ತಾನೆ ಎಂದು ತಮಗನ್ನಿಸುತ್ತದೆ ಎಂದಿದ್ದಾರೆ. ಪಾರ್ಕರಿನ ಸಾವು ಊಟದ ಮೇಜಿನಲ್ಲಿ ಯಾಕೆ ಬಂತು ಎಂಬುದಕ್ಕೆ ಅದೊಂದು ಸುಳಿವು. ಆದರೂ ನಿರ್ದೇಶಕರ ಮಾತನ್ನೇ ತೀರ್ಪು ಎಂದುಕೊಳ್ಳಬೇಕಿಲ್ಲ. ಚಿತ್ರ ತೋರಿಸುವುದು ಆ ಕ್ಷಣದ ನಗುವಿನವರೆಗೆ ಮಾತ್ರ. ಮರುದಿನ ಬೆಳಿಗ್ಗೆ ಅವನು ಯಾರಿಗೆ ಫೋನು ಮಾಡುತ್ತಾನೆ ಎಂಬುದು ನಮ್ಮ ಊಹೆ.

ಹಲವು ಜಾಝ್ ಕಲಾವಿದರಿಗೆ ಈ ಸಿನಿಮಾ ಹಿಡಿಸಲಿಲ್ಲ. ಸಂಗೀತವನ್ನು ವೇಗದ ಪಂದ್ಯ ಮಾಡಿದ್ದಾರೆ, ಜತೆಯವರನ್ನು ಕೇಳಿಸಿಕೊಂಡು ನುಡಿಸುವ ಖುಷಿ ಎಲ್ಲೂ ಇಲ್ಲ ಎಂಬುದು ಅವರ ದೂರು. ನಮ್ಮ ಚೆಂಡೆಯ ಹಿರಿಯರು ‘ಕಿವಿ ಎಲ್ಲುಂಟು’ ಎಂದದ್ದೂ ಅದೇ. ದೂರು ಸರಿ, ಆದರೆ ಅದನ್ನು ಸಿನಿಮಾದ ದೋಷವೆಂದು ನಾನು ಬರೆದುಕೊಳ್ಳುವುದಿಲ್ಲ. ಆಂಡ್ರೂ ಗೆಳೆಯರ ಜತೆ ಸುಮ್ಮನೆ ಕೂತು ನುಡಿಸುವ ಒಂದು ದೃಶ್ಯವೂ ಇಲ್ಲದಿರುವುದು ಈ ಪಾತ್ರದ ವಿವರ. ಅವನಿಗೆ ಬ್ಯಾಂಡಿನ ಉಳಿದವರೆಲ್ಲ ಎದುರಾಳಿಗಳು, ಇಲ್ಲವೇ ಹಿನ್ನೆಲೆ.

ಫ್ಲೆಚರ್ ಬದಲಾಗುತ್ತಾನಾ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಬದಲಾಗಬೇಕಾದ ಪ್ರಸಂಗವೇ ಅವನಿಗೆ ಬರುವುದಿಲ್ಲ. ಕೆಲಸ ಹೋದರೂ, ಶಿಷ್ಯ ಸತ್ತರೂ ಸಿದ್ಧಾಂತ ಹಾಗೆಯೇ ನಿಂತಿದೆ, ಕೊನೆಗೆ ಆಂಡ್ರೂ ಅದಕ್ಕೊಂದು ಪುರಾವೆಯನ್ನೂ ಒದಗಿಸಿಕೊಟ್ಟ. ಮುಂದಿನ ವರ್ಷ ಇನ್ನೊಂದು ಬ್ಯಾಂಡಿನಲ್ಲಿ ಇನ್ನೊಬ್ಬ ಹುಡುಗನಿಗೆ ಅವನು ಪಾರ್ಕರಿನ ಜತೆಗೆ ಆಂಡ್ರೂನ ಕಥೆಯನ್ನೂ ಹೇಳಬಹುದು. ಆ ಹುಡುಗನಿಗೆ ಹೇಳುವಾಗ ಲಾರಿ ಗುದ್ದಿದ್ದು, ನಿಕೋಲ್ ಹೋದದ್ದು, ಟ್ಯಾನರ್ ಬಿಟ್ಟದ್ದು ಯಾವುದೂ ಅದರಲ್ಲಿ ಇರಲಿಕ್ಕಿಲ್ಲ.